ವಕೀಲರೊಬ್ಬರು ಉಳಿಸಿಹೋದ ಪಾಠ
(ಖಾಸಬಾಗದ ಸಭೆಯಲ್ಲಿ ಮಾಡಿದ ಭಾಷಣ)



ಕಕ್ಷಿದಾರನ ಪರವಾಗಿ ವಾದಿಸುವುದು ವಕೀಲನ ವೃತ್ತಿ. ಕಾನೂನು ಓದಿದ ಜೆ.ಎಚ್. ಪಟೇಲರು ನಾಡನ್ನೇ ಕಕ್ಷಿದಾರನನ್ನಾಗಿ ಮಾಡಿಕೊಂಡರು. 1967ರಲ್ಲಿ ಶಿವಮೊಗ್ಗೆಯಿಂದ ಸಮಾಜವಾದಿಯಾಗಿ ಗೆದ್ದು, ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದರು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು. 1996ರಲ್ಲಿ ಮುಖ್ಯಮಂತ್ರಿಯಾದರು, 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ ಮೊದಲಾದ ಏಳು ಹೊಸ ಜಿಲ್ಲೆಗಳಾದವು. ಕಚೇರಿ ಜನರ ಹತ್ತಿರ ಬಂದಿತು.

ಆದರೆ ಕಚೇರಿ ಹತ್ತಿರವಾದರೆ ಸಾಲದು. ಅಲ್ಲಿಯ ಕಾಗದ ಮಗ್ಗದವನಿಗೆ ತಿಳಿಯಬೇಕು. ಸಾಲಪತ್ರದಲ್ಲಿ ಏನಿದೆಯೆಂದು ಅರಿಯದೆ ಸಹಿ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪಟೇಲರು 2000ದಲ್ಲಿ ತೀರಿಕೊಂಡರು. ದಿಲ್ಲಿಯಲ್ಲಿ ಅವರು ಚಲಾಯಿಸಿದ ಹಕ್ಕನ್ನು ನಾವು ಬ್ಯಾಂಕು, ಕೋರ್ಟುಗಳ ಬಾಗಿಲಲ್ಲಿ ಕೇಳೋಣ: ನಮ್ಮ ಕಾಗದ ನಮ್ಮ ಭಾಷೆಯಲ್ಲಿರಲಿ, ಓದಿಯೇ ಸಹಿ ಹಾಕುತ್ತೇವೆ.