ರಾಣಿಯರು, ಘಟಸರ್ಪಗಳು ಮತ್ತು ಒಂದು ಕಿತ್ತಳೆ ಮರ



ಊರನ್ನು ಪೀಡಿಸುವ ಘಟಸರ್ಪಕ್ಕೆ ಆಹಾರವಾಗಬೇಕಿದ್ದ ರಾಜಕುಮಾರಿಯನ್ನು ಸಂತ ಜಾರ್ಜ್ ಎಂಬ ಯೋಧ ಕಾಪಾಡಿದ ಕಥೆ ಯುರೋಪಿನಲ್ಲಿ ಮನೆಮಾತು. 13ನೆಯ ಶತಮಾನದ ‘ಗೋಲ್ಡನ್ ಲೆಜೆಂಡ್’ ಎಂಬ ಸಂತಚರಿತ್ರೆಗಳ ಸಂಗ್ರಹ ಅದನ್ನು ಜನಪ್ರಿಯಗೊಳಿಸಿತು. ಯೋಧನ ಹೆಸರು ಎಲ್ಲರಿಗೂ ಗೊತ್ತು. ರಾಜಕುಮಾರಿಯ ಹೆಸರನ್ನು ಆ ಸಂಗ್ರಹ ಹೇಳುವುದೇ ಇಲ್ಲ.

ಇಂಗ್ಲೆಂಡಿನ ಲೇಖಕಿ ಸಮಂತಾ ಶಾನನ್ ಈ ಕಥೆಯನ್ನು ಮರಳಿ ಕಟ್ಟಿ 2019ರಲ್ಲಿ ‘ದ ಪ್ರಯರಿ ಆಫ್ ದ ಆರೆಂಜ್ ಟ್ರೀ’ ಕಾದಂಬರಿಯನ್ನು ಪ್ರಕಟಿಸಿದರು. ಅದು 800 ಪುಟಗಳನ್ನು ಮೀರಿದ ಕೃತಿ.

ಅದರಲ್ಲಿ ಇನಿಸ್ ದೇಶವನ್ನು ಒಂದೇ ವಂಶದ ರಾಣಿಯರು ಸಾವಿರ ವರ್ಷಗಳಿಂದ ಆಳುತ್ತಾರೆ. ಈ ವಂಶ ಉಳಿದಿರುವವರೆಗೆ ‘ಹೆಸರಿಲ್ಲದವನು’ ಎಂಬ ಬೆಂಕಿಯುಗುಳುವ ಘಟಸರ್ಪ ಕಡಲಾಳದಿಂದ ಮೇಲೇಳದು ಎಂಬುದು ಅಲ್ಲಿಯ ನಂಬಿಕೆ. ಆದ್ದರಿಂದ ಪ್ರತಿ ರಾಣಿಯೂ ಮಗಳೊಬ್ಬಳನ್ನು ಹೆರಲೇಬೇಕು. ಸಿಂಹಾಸನವೇನೋ ಹೆಣ್ಣಿನದು, ಅವಳ ಒಡಲು ಮಾತ್ರ ರಾಜ್ಯದ ಸೊತ್ತು. ರಾಣಿ ಸಾಬ್ರನ್ ಗರ್ಭ ಕಳೆದುಕೊಂಡು, ಇನ್ನು ತನಗೆ ಮಕ್ಕಳಾಗವೆಂದು ತಿಳಿದಾಗ, ಅವಳ ದುಃಖದ ಮೇಲೆ ಇಡೀ ದೇಶದ ಭಯವೂ ಬಂದು ಕೂರುತ್ತದೆ.

ದಕ್ಷಿಣದ ಕಿತ್ತಳೆ ಮರದ ಮಠದಲ್ಲಿ ಬೆಳೆದ ಈಡ್, ಗುರುತು ಮರೆಸಿಕೊಂಡು ಈ ರಾಣಿಯನ್ನು ಕಾಯುತ್ತಿರುತ್ತಾಳೆ. ಅವಳು ಕಲಿತ ಚರಿತ್ರೆಯೇ ಬೇರೆ: ಘಟಸರ್ಪವನ್ನು ಸೋಲಿಸಿದವನು ವೀರ ಗೇಲಿಯನ್ ಅಲ್ಲ, ಅವನು ಕಾಪಾಡಿದನೆನ್ನಲಾದ ರಾಜಕುಮಾರಿ ಕ್ಲಿಯೊಲಿಂಡಳೇ. ಆದರೆ ಮಠದ ಕಥೆಯೂ ಪೂರ್ಣವಲ್ಲ. ಆ ವೈರಿಯನ್ನು ಕಟ್ಟಿಹಾಕುವಾಗ ಪೂರ್ವದ ನೆಪೊರೊ ಎಂಬ ರಾಣಿಯೂ ಜತೆಗಿದ್ದಳೆಂಬುದನ್ನು ಮಠವೂ ಮರೆತಿತ್ತು. ಹೆಣ್ಣನ್ನು ಮರೆಯುವುದು ಗಂಡಸರ ಚರಿತ್ರೆ ಮಾತ್ರವಲ್ಲ ಎಂದು ಒಪ್ಪುವಲ್ಲಿ ಈ ಕೃತಿಯ ಪ್ರಾಮಾಣಿಕತೆ ಇದೆ.

ಪೂರ್ವದ ಜನರು ನೀರಿನ ಡ್ರ್ಯಾಗನ್‌ಗಳನ್ನು ಪೂಜಿಸುತ್ತಾರೆ. ಪಶ್ಚಿಮದವರಿಗೆ ಡ್ರ್ಯಾಗನ್ ಎಂದರೆಲ್ಲ ಒಂದೇ, ಪಿಶಾಚಿ. ಭೂಗರ್ಭದ ಬೆಂಕಿಗೂ ನಕ್ಷತ್ರಗಳಿಂದ ಇಳಿಯುವ ಶಕ್ತಿಗೂ ಇರುವ ಸಮತೋಲ ತಪ್ಪಿದಾಗ ಕೇಡು ಹುಟ್ಟುತ್ತದೆ ಎಂಬ ತಿಳಿವು ಮೂಡುವವರೆಗೆ ಇಬ್ಬರೂ ಒಂದಾಗುವುದಿಲ್ಲ.

ಕೃತಿಗೆ ಮಿತಿಗಳೂ ಉಂಟು. ನೂರಾರು ಪುಟಗಳ ಸಿದ್ಧತೆಯ ಬಳಿಕ ಕೊನೆಯ ಯುದ್ಧ ಅವಸರದಲ್ಲಿ ಮುಗಿಯುತ್ತದೆ. ಹೆಸರುಗಳ ದಟ್ಟಣೆಯಲ್ಲಿ ದಾರಿ ತಪ್ಪುವವರಿಗೆ ಪುಸ್ತಕದಲ್ಲಿಯೇ ನಕ್ಷೆಗಳೂ ಪಾತ್ರಗಳ ಪಟ್ಟಿಯೂ ಇವೆ. ವಿದ್ಯಾರ್ಥಿಗಳು ದಿನಕ್ಕೆ ಇಪ್ಪತ್ತು ಪುಟ ಓದಿದರೆ ಒಂದೂವರೆ ತಿಂಗಳಲ್ಲಿ ಮುಗಿದೀತು. ಓದುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಈ ಕಥೆಯನ್ನು ಹೇಳುತ್ತಿರುವವರು ಯಾರು, ಯಾರ ಹೆಸರು ಬಿಟ್ಟುಹೋಗಿದೆ?