ಬಾಗಿಲು ತಟ್ಟಿದ ಶಾಲೆ



ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ಕಥೆಯಿದೆ. ನನ್ನ ಅಜ್ಜಿ ಕರಾವಳಿಯ ಒಂದೂರಿನ ಕಾನ್ವೆಂಟ್ ಶಾಲೆಯಲ್ಲಿ ಓದುತ್ತಿದ್ದರು. ಹನ್ನೊಂದು ವರ್ಷ ತುಂಬುತ್ತಲೇ ಮದುವೆ ಗೊತ್ತಾಯಿತು, ಶಾಲೆ ನಿಂತಿತು. ಆಟಿಯ ಮಳೆ ಸುರಿಯುತ್ತಿದ್ದ ಒಂದು ಸಂಜೆ ಓಲೆಕೊಡೆ ಹಿಡಿದ ಸಂನ್ಯಾಸಿನಿಯೊಬ್ಬರು ಅಂಗಳಕ್ಕೆ ಬಂದು ನಿಂತರು. "ಹುಡುಗಿ ಲೆಕ್ಕದಲ್ಲಿ ಬಲು ಚುರುಕು. ಇನ್ನೊಂದು ವರ್ಷವಾದರೂ ಕಳುಹಿಸಿಕೊಡಿ" ಎಂದು ಕೇಳಿಕೊಂಡರು. ಮುತ್ತಜ್ಜ ಜಗಲಿಯಿಂದ ಇಳಿಯಲಿಲ್ಲ. "ನಮ್ಮ ಮನೆಯ ಹೆಣ್ಣಿಗೆ ಇಷ್ಟು ಸಾಕು, ಅಮ್ಮಾ" ಎಂದರಂತೆ. ಬಂದವರಿಗೆ ಬೆಲ್ಲ, ನೀರು ಕೊಟ್ಟದ್ದಾಯಿತು. ಆಕೆ ನೀರು ಕುಡಿದು, ಬಾಗಿಲ ಮರೆಯಲ್ಲಿದ್ದ ಹುಡುಗಿಯನ್ನು ಒಮ್ಮೆ ನೋಡಿ, ಮಳೆಯಲ್ಲಿಯೇ ಹಿಂದಿರುಗಿದರು. ಅಜ್ಜಿ ಈ ಕಥೆಯನ್ನು ಯಾವಾಗಲೂ ಒಂದೇ ಮಾತಿನಿಂದ ಮುಗಿಸುತ್ತಿದ್ದರು: "ನನ್ನನ್ನು ಕೇಳಿಕೊಂಡು ಒಬ್ಬರು ಬಂದಿದ್ದರು."

ಮಂಗಳೂರಿನ ಸಂತ ಆನ್ನರ ಶಾಲೆಯ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಏಕೆಂದರೆ ಆ ಚರಿತ್ರೆಯ ತಿರುಳಿರುವುದು ಕಟ್ಟಡದಲ್ಲಲ್ಲ, ಬಾಗಿಲಿನಲ್ಲಿ.

ಕಾರ್ಮೆಲ್ ಎಂಬುದು ಪ್ರಾರ್ಥನೆಗಾಗಿಯೇ ಮೀಸಲಾದ ಪ್ರಾಚೀನ ಸಂನ್ಯಾಸಪರಂಪರೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಆವಿಲಾದ ಸಂತ ತೆರೇಸಾ ಅದನ್ನು ಸುಧಾರಿಸಿದರು. ಅಲ್ಲಿನ ಭಗಿನಿಯರು ಒಮ್ಮೆ ಒಳಹೊಕ್ಕರೆ ಆವರಣದ ಗೋಡೆಯನ್ನು ದಾಟುವುದಿಲ್ಲ. ಆ ಏಕಾಂತವನ್ನು ಎದೆಯಲ್ಲಿಟ್ಟುಕೊಂಡೇ ಹೊರಗೆ ಬಂದು ಮಕ್ಕಳಿಗೆ ಕಲಿಸಲಾಗದೆ? ಈ ಪ್ರಶ್ನೆಯನ್ನು ಹೊತ್ತು ನಡೆದವರು ಮದರ್ ವೆರೋನಿಕಾ.

ಅವರ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ಸೋಫಿ 1850ರಲ್ಲಿ ಮಾಲ್ಟಾದಲ್ಲಿ ಕ್ಯಾಥೊಲಿಕ್ ಧರ್ಮಸಭೆಯನ್ನು ಸೇರಿ, ಮುಂದೆ ಸಂನ್ಯಾಸಿನಿಯಾದರು. 1860ರ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಕಲ್ಲಿಕೋಟೆಯಲ್ಲಿ ಸೇವೆ ಸಲ್ಲಿಸಿದರು. ಇಲ್ಲಿನ ಹೆಣ್ಣುಮಕ್ಕಳಿಗೆ ವಿದ್ಯೆ ಬೇಕು, ಕಲಿಸುವ ಸ್ತ್ರೀಯರು ಬೇಕು ಎಂಬ ಚಿಂತೆ ಮಂಗಳೂರಿನ ಕಾರ್ಮೆಲೈಟ್ ಧರ್ಮಗುರು ಮರಿ ಎಫ್ರೆಮರನ್ನೂ ಕಾಡುತ್ತಿತ್ತು. ಅವರೇ ಮುಂದೆ ಇಲ್ಲಿನ ಬಿಷಪ್ಪರಾದರು. ಈ ಇಬ್ಬರ ಹಂಬಲದ ಫಲವಾಗಿ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆ ಹುಟ್ಟಿತು. ಮೌನದ ಮಠಕ್ಕೆ ಒಂದು ಬಾಗಿಲು ಕೂಡಿತು.

1870ರ ನವೆಂಬರ್ 19ರಂದು ಆ ಸಂಸ್ಥೆಯ ಮೊದಲ ಭಗಿನಿಯರು ಮಂಗಳೂರಿಗೆ ಬಂದರು. ಆಗ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ನಡೆಯುತ್ತಿತ್ತು. ಸೂಯೆಜ್ ಕಾಲುವೆ ತೆರೆದು ಒಂದು ವರ್ಷವಷ್ಟೇ ಆಗಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿಗೆ ರೈಲು ಬರಲು 1907ರವರೆಗೆ ಕಾಯಬೇಕಿತ್ತು. 1870ರಲ್ಲಿಯೇ ಏಕಾಂತವ್ರತದ ಕಾರ್ಮೆಲ್ ಭಗಿನಿಯರೂ ಇಲ್ಲಿಗೆ ಬಂದರು. ಅವರಲ್ಲೊಬ್ಬರಾದ ಪ್ಯಾಲೆಸ್ತೀನಿನ ಮರಿಯಮ್ ಬವಾರ್ದಿ 2015ರಲ್ಲಿ ಸಂತಪದವಿಗೇರಿದರು. ಆದರೆ ಈ ಕನಸನ್ನು ಕಂಡ ಮದರ್ ವೆರೋನಿಕಾ ಮಾತ್ರ ಫ್ರಾನ್ಸಿನಲ್ಲಿಯೇ ಉಳಿದರು. ಬಯೋನಿನ ಮಠ 1873ರಲ್ಲಿ ಮುಚ್ಚಿತು. ಅವರು ಪೋ ಎಂಬ ಊರಿನ ಕಾರ್ಮೆಲ್ ಮಠವನ್ನು ಸೇರಿ, 1906ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ತಾವು ಕಳುಹಿಸಿದ ಭಗಿನಿಯರು ಮಂಗಳೂರಿನಲ್ಲಿ ಕಟ್ಟಿದ ಶಾಲೆಯನ್ನು ಅವರು ಕಣ್ಣಾರೆ ಕಾಣಲಿಲ್ಲ. ತೆಂಗಿನ ಸಸಿ ನೆಡುವವರೆಲ್ಲ ಎಳನೀರು ಕುಡಿಯುವ ಲೆಕ್ಕ ಹಾಕುವುದಿಲ್ಲವಷ್ಟೆ.

ಆ ಭಗಿನಿಯರು ನಡೆಸಿದ ಶಾಲೆಯೇ ಸಂತ ಆನ್ನರ ಶಾಲೆ. ತುಳು, ಕೊಂಕಣಿ, ಕನ್ನಡ, ಬ್ಯಾರಿ ಭಾಷೆಗಳು ಒಂದೇ ಬೀದಿಯಲ್ಲಿ ಕಲೆಯುವ ಊರಿನಲ್ಲಿ ಪರದೇಶದ ಭಗಿನಿಯರು ಪಾಠ ಹೇಳಲು ನಿಂತರು. ಊರಿಗೆ ಅಕ್ಷರ ಹೊಸತಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿಯೇ ಬಂದಿದ್ದರು. 1843ರಲ್ಲಿ 'ಮಂಗಳೂರ ಸಮಾಚಾರ' ಇಲ್ಲಿಂದಲೇ ಹೊರಟಿತ್ತು. ಹೊಸತಾಗಿದ್ದುದು ಹೆಣ್ಣುಮಗು ಬಾಲ್ಯ ಕಳೆದ ಮೇಲೆಯೂ ಓದಬಹುದೆಂಬ ಎಣಿಕೆ. ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷದ ಮಿತಿ ವಿಧಿಸಿದ ಶಾರದಾ ಕಾಯಿದೆ ಬಂದದ್ದೇ 1929ರಲ್ಲಿ. ಹಾಗಾದರೆ ಅದಕ್ಕೂ ಮೊದಲು ಪ್ರೌಢಶಾಲೆಯ ಬೆಂಚಿನ ಮೇಲೆ ಒಬ್ಬ ಹುಡುಗಿ ಕುಳಿತಿದ್ದಾಳೆಂದರೆ, ಅವಳ ಮನೆಯಲ್ಲಿ ಯಾರೋ ಯಾರೊಡನೆಯೋ ವಾದಿಸಿ ಗೆದ್ದಿದ್ದಾರೆಂದೇ ಅರ್ಥ.

ಅಳುಕು ಇರಲಿಲ್ಲವೆಂದಲ್ಲ. ಶಿಲುಬೆಯ ನೆರಳಿನಲ್ಲಿ ಮಕ್ಕಳ ಮತ ಉಳಿಯುವುದೆ ಎಂದು ಹಿಂದೂ ಮನೆಗಳು ಹೆದರಿದವು. ಇಂಗ್ಲಿಷು ಕಲಿತವಳು ಮನೆಮಾತನ್ನು ಹೀಗಳೆಯುವಳೆ ಎಂಬ ಶಂಕೆಯೂ ಇತ್ತು; ಅದು ಪೂರ್ಣ ಹುಸಿಯೆಂದು ಕನ್ನಡದ ಅಧ್ಯಾಪಕಿಯಾದ ನಾನು ಹೇಳಲಾರೆ. 1918ರಲ್ಲಿ ಇದೇ ಊರಿನಲ್ಲಿ ಬೆಸೆಂಟ್ ಬಾಲಿಕಾ ಶಾಲೆ ಹುಟ್ಟಿ, ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ತೆರೆಯಿತು. ಒಂದು ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಗಳು ಪೈಪೋಟಿ ನಡೆಸುವುದಕ್ಕಿಂತ ಆರೋಗ್ಯಕರವಾದ ಜಗಳ ಬೇರೆ ಯಾವುದಿದೆ? 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರೇ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಶಾಲೆಯಲ್ಲಿ ಓದಿದವಳು ಕಾಲೇಜಿಗೆ, ಕಾಲೇಜಿನಲ್ಲಿ ಓದಿದವಳು ಮತ್ತೆ ಶಾಲೆಗೆ ಅಧ್ಯಾಪಕಿಯಾಗಿ: ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸುವ ಏರ್ಪಾಡು ಇದು.

ಇನ್ನು ನನ್ನದೊಂದು ಮಾತು. ನಾನೂ ಮೂರು ದಶಕ ಬೇರೊಂದು ಊರಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದವಳು. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದೀಪಾವಳಿಯ ರಜೆ ಮುಗಿದರೂ ಬರಲಿಲ್ಲ. ಚೆಂದವಾಗಿ ಪದ್ಯ ಓದುತ್ತಿದ್ದವಳು. ತಾಯಿಗೆ ಕಾಯಿಲೆ, ಮನೆಗೆಲಸಕ್ಕೆ ನಿಂತಳು ಎಂದು ಗೆಳತಿಯರು ಹೇಳಿದರು. ಅವಳ ಮನೆ ಶಾಲೆಯಿಂದ ಎರಡು ಮೈಲಿ. ಇಂದು ಹೋಗೋಣ, ನಾಳೆ ಹೋಗೋಣ ಎಂದುಕೊಂಡೆ. ಪರೀಕ್ಷೆ ಬಂತು, ಪತ್ರಿಕೆ ತಿದ್ದುವ ಕೆಲಸ ಬಂತು. ಕೊನೆಗೆ ನಿಯಮದಂತೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಗೆರೆ ನೆಟ್ಟಗೆ ಬರಲೆಂದು ಅಡಿಪಟ್ಟಿಯನ್ನೂ ಇಟ್ಟಿದ್ದೆ. ಓಲೆಕೊಡೆ ಹಿಡಿದು ಬಂದವರ ಕಥೆ ಕೇಳಿ ಬೆಳೆದವಳು ನಾನು. ಎರಡು ಮೈಲಿ ನಡೆಯಲಿಲ್ಲ. ನಾನು ಹೋಗಿದ್ದರೆ ಆ ತಂದೆಯೂ ನನ್ನ ಮುತ್ತಜ್ಜನಂತೆ ಇಲ್ಲವೆನ್ನುತ್ತಿದ್ದನೋ ಏನೋ. ಆದರೆ "ನನ್ನನ್ನು ಕೇಳಿಕೊಂಡು ಒಬ್ಬರು ಬಂದಿದ್ದರು" ಎಂದು ಹೇಳುವ ಹಕ್ಕು ಅವಳಿಗೆ ದಕ್ಕುತ್ತಿತ್ತು. ಅದನ್ನು ನಾನು ಕೊಡಲಿಲ್ಲ.

1951ರ ಜನಗಣತಿಯಲ್ಲಿ ನಮ್ಮ ದೇಶದ ನೂರು ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ಒಂಬತ್ತು ಮಂದಿಯೂ ಇರಲಿಲ್ಲ. 2011ರಲ್ಲಿ ಸುಮಾರು ಅರುವತ್ತೈದು ಮಂದಿಯಾದರು. ಸಂತೋಷವೇ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆ ಕೈಹಿಡಿಯುವುದು ಹದಿನಾಲ್ಕು ವರ್ಷದವರೆಗೆ. ಪ್ರೌಢಶಾಲೆಯ ಮೆಟ್ಟಿಲ ಬಳಿಯಲ್ಲಿಯೇ ಕಾಯಿದೆ ಕೈಬಿಡುತ್ತದೆ. ಅಲ್ಲಿಂದಾಚೆಗೆ ಬೇಕಾದುದು ಮನುಷ್ಯರ ಕಾಲುಗಳು.

ಅಜ್ಜಿ ಮತ್ತೆ ಶಾಲೆಗೆ ಹೋಗಲಿಲ್ಲ. ಆದರೆ ಗಂಡನ ಮನೆಯಲ್ಲಿ ಮಧ್ಯಾಹ್ನದ ಊಟದ ಎಂಜಲು ಬಳಿದ ಮೇಲೆ, ಅದೇ ನೆಲದ ಮೇಲೆ ಮಸಿಯಿಂದ ಬರೆದು, ಇಬ್ಬರು ನಾದಿನಿಯರಿಗೂ ಮುಂದೆ ಮೂವರು ಸೊಸೆಯಂದಿರಿಗೂ ಓದು ಕಲಿಸಿದರು. ಅವರಲ್ಲಿ ಕಿರಿಯ ಸೊಸೆ ನನ್ನ ತಾಯಿ. ಅಂದು ಬರಿಗೈಯಲ್ಲಿ ಹಿಂದಿರುಗಿದೆನೆಂದು ಆ ಸಂನ್ಯಾಸಿನಿ ತಿಳಿದಿರಬೇಕು. ಅವರಿಗೆ ಈ ವಿಷಯ ಯಾರೂ ಹೇಳಲಿಲ್ಲ.