ಹವಳ ಕಟ್ಟಿದ ನಾಡು

ಭೂಪಟದಲ್ಲಿ ಆಸ್ಟ್ರೇಲಿಯಾಕ್ಕೂ ಹವಾಯಿಗೂ ನಡುವೆ ಹುಡುಕಿ. ನೀಲಿ ಬಿಟ್ಟು ಬೇರೇನೂ ಕಾಣದಿದ್ದರೆ ಭೂತಗನ್ನಡಿ ತನ್ನಿ. ಅಲ್ಲಿದೆ ಟುವಾಲು. ದ್ವೀಪಗಳು ಒಂಬತ್ತು, ಎಲ್ಲ ಸೇರಿದರೂ 26 ಚದರ ಕಿಲೋಮೀಟರ್, ಜನ ಸುಮಾರು 10 ಸಾವಿರ. ಬೆಟ್ಟವಿಲ್ಲ, ಹೊಳೆಯಿಲ್ಲ. ಎಲ್ಲಕ್ಕಿಂತ ಎತ್ತರದ ಜಾಗವೂ ಸಮುದ್ರದಿಂದ ಐದು ಮೀಟರ್ ಮೇಲಿಲ್ಲ.

ರಾಜಧಾನಿ ಫುನಾಫುಟಿಯನ್ನು ವಿಮಾನದಿಂದ ನೋಡಿದರೆ ನೀರಿನ ಮೇಲೆ ಒಡೆದ ಬಳೆಯ ಚೂರುಗಳನ್ನು ಸುತ್ತಲೂ ಜೋಡಿಸಿಟ್ಟಂತಿದೆ. ಇಂಥ ಹವಳದ ಸುತ್ತಿಗೆ ಅಟಾಲ್ ಎನ್ನುತ್ತಾರೆ. ನಡುಸಮುದ್ರದಲ್ಲಿ ಇದು ಬಂದದ್ದಾದರೂ ಹೇಗೆ?

1842ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಪುಸ್ತಕದಲ್ಲಿ ಒಂದು ಊಹೆ ಮುಂದಿಟ್ಟ. ಮೊದಲು ಅಲ್ಲೊಂದು ಜ್ವಾಲಾಮುಖಿ ಬೆಟ್ಟವಿತ್ತು. ಅದರ ಅಂಚಿನ ಆಳವಿಲ್ಲದ ನೀರಿನಲ್ಲಿ ಹವಳವೆಂಬ ಪುಟಾಣಿ ಪ್ರಾಣಿಗಳು ಸುಣ್ಣದ ಗೂಡು ಕಟ್ಟಿದವು. ಬೆಟ್ಟ ಮೆಲ್ಲಗೆ ಕುಸಿಯತೊಡಗಿತು. ಈ ಹವಳಗಳಿಗೆ ಬಿಸಿಲು ಬೇಕೇ ಬೇಕು. ಹಾಗಾಗಿ ಬೆಟ್ಟ ಇಳಿದಷ್ಟೂ ಅವು ಹಳೆಯ ಗೂಡಿನ ಮೇಲೆ ಹೊಸದನ್ನು ಕಟ್ಟುತ್ತ ಮೇಲೇರಿದವು. ಕೊನೆಗೆ ಬೆಟ್ಟ ಮುಳುಗಿತು, ಹವಳದ ಸುತ್ತು ಉಳಿಯಿತು.

ಕೇಳಲು ಚೆನ್ನಾಗಿದೆ, ನಂಬುವುದು ಹೇಗೆ? ಕೊರೆದೇ ನೋಡಬೇಕು! ಲಂಡನ್ನಿನ ರಾಯಲ್ ಸೊಸೈಟಿಯವರು 1896ರಿಂದ 1898ರವರೆಗೆ ಫುನಾಫುಟಿಯಲ್ಲೇ ಕೊರೆಸಿದರು. ಸುಮಾರು 340 ಮೀಟರ್ ಇಳಿದರೂ ಹವಳದ ಸುಣ್ಣಗಲ್ಲೇ. ಬೆಟ್ಟ ಮಾತ್ರ ಸಿಗಲಿಲ್ಲ, ವಾದವೂ ಮುಗಿಯಲಿಲ್ಲ. 1952ರಲ್ಲಿ ಎನಿವೆಟಾಕ್ ಎಂಬ ಇನ್ನೊಂದು ಅಟಾಲ್‌ನಲ್ಲಿ 1,200 ಮೀಟರಿಗೂ ಕೆಳಗೆ ಜ್ವಾಲಾಮುಖಿಯ ಕಲ್ಲು ಕೊನೆಗೂ ಕೈಗೆ ಬಂತು. ಪಾಪ, ಡಾರ್ವಿನ್ ತೀರಿಕೊಂಡು ಆಗಲೇ 70 ವರ್ಷವಾಗಿತ್ತು.

ಇಂಥ ಸುಣ್ಣದ ನೆಲದಲ್ಲಿ ಬೆಳೆಯುವುದಾದರೂ ಏನು? ತೆಂಗು, ಮತ್ತೆ ಪುಲಾಕ. ಪುಲಾಕ ನಮ್ಮ ಕೆಸುವಿನ ನೆಂಟ, ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ. ಹವಳದ ಕಲ್ಲು ತೂತುತೂತು. ಅದರೊಳಗೆ ಇಳಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆಯೇ ನಿಲ್ಲುತ್ತದೆ. ಆ ಸಿಹಿನೀರು ಸಿಗುವ ತನಕ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ ಪುಲಾಕ ನೆಡುತ್ತಾರೆ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಕೆಲವು ಗುಂಡಿಗಳಿಗೆ ಉಪ್ಪು ನುಗ್ಗಿ ಬೆಳೆ ಕೊಳೆತಿದೆ. ಕುಡಿಯಲು ಹೆಚ್ಚಾಗಿ ಚಾವಣಿಯಿಂದ ತೊಟ್ಟಿಗೆ ಹಿಡಿದ ಮಳೆನೀರೇ.

ಆಟದ ಬಯಲಿಗೆ ಜಾಗವೆಲ್ಲಿ ಅಂತೀರಾ? ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಮಾಡಿದ ರನ್‌ವೇ ಇದೆಯಲ್ಲ! ಸಂಜೆ ಅಲ್ಲೇ ವಾಲಿಬಾಲ್, ಫುಟ್‌ಬಾಲ್. ಸೈರನ್ ಕೂಗಿದರೆ ಎಲ್ಲರೂ ಬದಿಗೆ ಸರಿಯಬೇಕು. ವಾರಕ್ಕೆ ಬರುವುದೇ ಕೆಲವು ವಿಮಾನ, ಆಟಕ್ಕೆ ಅಂಥ ಅಡ್ಡಿಯೇನಿಲ್ಲ.